‘ಹೈಯೆಸ್ಟ್’ ಕೊಟ್ಟರೂ ದನಿ ಒಡೆಯುವುದೇಕೆ?

ರೂಟರಿನಲ್ಲಿ ಯಾವ ಸಾಧನಕ್ಕೆ ಮೊದಲ ಆದ್ಯತೆ ಎಂದು ಹೇಳುವ ಕ್ಯುಒಎಸ್ ಪುಟ ತೆರೆದು, ಆಫೀಸಿನ ಲ್ಯಾಪ್‌ಟಾಪಿಗೆ ‘ಹೈಯೆಸ್ಟ್’ ಆರಿಸಿ ಸೇವ್ ಒತ್ತಿದರೆ ಕೆಲಸ ಮುಗಿಯಿತೆಂದು ಬಹಳ ಮಂದಿ ನಂಬುತ್ತಾರೆ. ಮೂಡಿಗೆರೆ, ಸಕಲೇಶಪುರ ಕಡೆಯ ಹೋಮ್‌ಸ್ಟೇಗಳಲ್ಲಿ ಅತಿಥಿಗಳ ಮೊಬೈಲುಗಳು ಫೋಟೊ ಬ್ಯಾಕಪ್ ಶುರು ಮಾಡಿದ ಕೂಡಲೇ ಮನೆಯವರ ಮೀಟಿಂಗಿನ ದನಿ ಒಡೆಯುತ್ತದೆ. ಆಮೇಲೆ ಪ್ಲಾನ್ ದೊಡ್ಡದು ಮಾಡಿಸುತ್ತಾರೆ. ದುಡ್ಡು ಹೋಗುತ್ತದೆ, ದೂರು ಉಳಿಯುತ್ತದೆ. ಮಾತಿನ ಕರೆಗೆ 100 ಕೆಬಿಪಿಎಸ್ ಆಸುಪಾಸು ಸಾಕು, ಕೊರತೆ ವೇಗದ್ದಲ್ಲ.

ಅದೇ ಪುಟದಲ್ಲಿ ಅಪ್‌ಲೋಡ್, ಡೌನ್‌ಲೋಡ್ ಬ್ಯಾಂಡ್‌ವಿಡ್ತ್ ಎಂಬ ಎರಡು ಖಾನೆಗಳಿರುತ್ತವೆ. ಹೆಚ್ಚಿನ ಮನೆಗಳಲ್ಲಿ ಅವು ಖಾಲಿ, ಇಲ್ಲವೇ 1000. ತೊಂದರೆಯ ಬೇರು ಅಲ್ಲೇ. ಆದ್ಯತೆ ಎಂದರೆ, ಹೊರಡಲು ಕಾದು ನಿಂತ ಪ್ಯಾಕೆಟ್ಟುಗಳ (ಡೇಟಾದ ಸಣ್ಣ ತುಣುಕುಗಳ) ಸಾಲಿನಲ್ಲಿ ಯಾರು ಮುಂದೆ ಎಂಬ ತೀರ್ಮಾನ. ಸಾಲು ರೂಟರಿನೊಳಗೆ ನಿಂತರಷ್ಟೇ ರೂಟರ್ ಅದನ್ನು ಮಾಡಬಲ್ಲದು. ಲೈನ್ ಸಾಗಿಸುವುದು 40 ಎಂಬಿಪಿಎಸ್, ರೂಟರ್ ಅಂದುಕೊಂಡಿರುವುದು 1000 ಎಂದಾದರೆ ಅದು ಬಂದದ್ದನ್ನೆಲ್ಲ ಆ ಕ್ಷಣವೇ ದಾಟಿಸಿಬಿಡುತ್ತದೆ. ಸಾಲು ಹೋಗಿ ಗೋಡೆಯ ಫೈಬರ್ ಡಬ್ಬಿಯಲ್ಲಿ ಬೆಳೆಯುತ್ತದೆ. ಆ ಡಬ್ಬಿಗೆ ನಿಮ್ಮ ‘ಹೈಯೆಸ್ಟ್’ ಗೊತ್ತೇ ಇಲ್ಲ. ಶಿರಾಡಿ ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಮನೆ ಗೇಟಿನಿಂದ ಆಂಬುಲೆನ್ಸನ್ನು ಮೊದಲು ಬಿಟ್ಟು ಏನು ಪ್ರಯೋಜನ? ಲಾರಿಗಳನ್ನೇ ಗೇಟಿನಲ್ಲಿ ತಡೆಯಬೇಕು.

ತಡೆಯುವುದು ಹೀಗೆ: ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿ, ವೈಫೈ ಆಫ್ ಮಾಡಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ 9ರ ಹೊತ್ತಿಗೆ ವೇಗ ಅಳೆಯಿರಿ. ಅತಿ ಕಡಿಮೆ ಬಂದ ಅಂಕಿಯ ಶೇ. 85–90ರಷ್ಟನ್ನು ಖಾನೆಗೆ ಬರೆಯಿರಿ. ಅಪ್‌ಲೋಡ್ 36 ಬಂದಿದ್ದರೆ 32. ಪ್ಲಾನಿನ ಅಂಕಿಯನ್ನು ದಯವಿಟ್ಟು ಬರೆಯಬೇಡಿ. ನಂತರ ಗೂಗಲ್‌ನ 8.8.8.8 ವಿಳಾಸಕ್ಕೆ ನಿಲ್ಲದಂತೆ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಹೊತ್ತು ಅಳೆಯುವ ಆಜ್ಞೆ) ಹಾಕಿ, ದೊಡ್ಡದೊಂದು ವಿಡಿಯೊ ಅಪ್‌ಲೋಡಿಗೆ ಬಿಡಿ. ಸುಮ್ಮನಿದ್ದಾಗ 20 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಜಿಗಿದರೆ ಸಾಲು ಇನ್ನೂ ಹೊರಗೇ ಇದೆ. ಖಾನೆಯ ಅಂಕಿಯನ್ನು 2–3 ಇಳಿಸಿ ಮತ್ತೆ ನೋಡಿ. ಪಿಂಗ್ 40 ಮಿಲಿಸೆಕೆಂಡಿನೊಳಗೆ ನಿಂತರೆ ಸರಿಹೋಯಿತು.

ರೂಟರಿನಲ್ಲಿ ಎಸ್‌ಕ್ಯುಎಂ (ಸಾಲು ಉದ್ದವಾಗದಂತೆ ತಾನೇ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ಅದರಲ್ಲಿ ‘ಕೇಕ್’ ಇಲ್ಲವೇ ‘ಎಫ್‌ಕ್ಯು ಕೋಡಲ್’ ಆರಿಸಿ. ಎರಡನೆಯದು 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾಗಿದೆ. ಸಣ್ಣ ಸಣ್ಣ ಪ್ಯಾಕೆಟ್ಟುಗಳನ್ನು ಬಿಟ್ಟುಬಿಟ್ಟು ಕಳಿಸುವ ಕರೆಗೆ ಇವು ತಾವಾಗಿಯೇ ದಾರಿ ಬಿಡುತ್ತವೆ, ಸಾಧನಗಳಿಗೆ ದರ್ಜೆ ಹಚ್ಚುವ ತಾಪತ್ರಯವೇ ಬೇಡ. ಹಳೆಯ ಕ್ಯುಒಎಸ್ ಮಾತ್ರ ಇದ್ದರೆ ಮೇಲಿನ ದರ್ಜೆ ಒಂದೆರಡು ಸಾಧನಕ್ಕಷ್ಟೇ ಇರಲಿ. ಹತ್ತಕ್ಕೂ ಕೊಟ್ಟರೆ ಯಾರಿಗೂ ಕೊಟ್ಟಂತಲ್ಲ.

ಎರಡು ಎಚ್ಚರಿಕೆ. ಫೈಬರ್ ಡಬ್ಬಿಯ ಸ್ವಂತ ವೈಫೈ ಆಫ್ ಮಾಡಲೇಬೇಕು, ಇಲ್ಲದಿದ್ದರೆ ಅದಕ್ಕೆ ಕೂಡಿಕೊಂಡ ಮೊಬೈಲುಗಳು ನಿಮ್ಮ ರೂಟರಿನ ಮೂಲಕ ಹೋಗುವುದೇ ಇಲ್ಲ. ರೂಟರಿನ ಪ್ರೊಸೆಸರಿನ ಹೊರೆ ಇಳಿಸುವ ‘ಹಾರ್ಡ್‌ವೇರ್ ಆಫ್‌ಲೋಡ್’ ಕೂಡ ಆಫ್ ಇರಲಿ. ಅದು ಆನ್ ಇದ್ದರೆ ಪ್ಯಾಕೆಟ್ಟುಗಳು ಸಾಲಿಗೆ ಬರದೆ ಅಡ್ಡದಾರಿಯಲ್ಲಿ ಹೋಗುತ್ತವೆ. ಆದರೆ ಅದನ್ನು ಆಫ್ ಮಾಡಿದಾಗ ಅಗ್ಗದ ರೂಟರುಗಳ ಪ್ರೊಸೆಸರ್ ಏದುಸಿರು ಬಿಟ್ಟು, ಡೌನ್‌ಲೋಡ್ ವೇಗ ಕುಸಿಯಬಹುದು.

ತೋಟದ ಮನೆಯ 4ಜಿ ಡೋಂಗಲ್ಲಿಗೆ ಇದೇ ಭರವಸೆ ಕೊಡಲಾರೆ. ಅಲ್ಲಿ ಲೈನಿನ ವೇಗವೇ ಗಳಿಗೆಗೊಂದು ಥರ. ಅತಿ ಕೆಟ್ಟ ಹೊತ್ತಿನ ಅಳತೆಗೆ ಅಂಕಿ ಕಟ್ಟಿ, ಫೋಟೊ ಬ್ಯಾಕಪ್ಪನ್ನು ರಾತ್ರಿಗೆ ದೂಡುವುದೇ ಸದ್ಯಕ್ಕೆ ದಾರಿ.