ಗಂಗಾಜಿ ರಮಣರ ಉತ್ತರಾಧಿಕಾರಿಯೇ?

ಪ್ರಶ್ನೆ: ಅಮೆರಿಕದ ಗಂಗಾಜಿಯವರು ರಮಣ ಮಹರ್ಷಿಗಳ ಗುರುಪರಂಪರೆಯಲ್ಲಿ ಮೂರನೆಯವರೆಂದು ಕೇಳಿದ್ದೇವೆ. 'ನಾನು ಯಾರು' ಎಂದು ಒಳಗೆ ಹುಡುಕುವ ಆತ್ಮವಿಚಾರವನ್ನು ಬೋಧಿಸುವ ಅಧಿಕಾರ ಅವರಿಗೆ ಯಾರಿಂದ ಬಂತು?

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆಯುತ್ತಿರುವುದು ಇದೇ ಮೊದಲಲ್ಲ, ಬಹುಶಃ ಕೊನೆಯ ಸಲವೂ ಆಗಲಾರದು. ವಿವಾದವಿಲ್ಲದ ಸಂಗತಿಗಳನ್ನು ಮೊದಲು ಮುಗಿಸೋಣ. 1942ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ ಮಿಸಿಸಿಪ್ಪಿಯಲ್ಲಿ ಬೆಳೆದ ಆಂಟೊನೆಟ್ ರಾಬರ್ಸನ್, ಬೌದ್ಧ ಸಾಧನೆಗಳನ್ನು ಮಾಡಿ, 1990ರಲ್ಲಿ ಭಾರತಕ್ಕೆ ಬಂದು ಎಚ್.ಡಬ್ಲ್ಯು.ಎಲ್. ಪೂಂಜಾ ಅವರನ್ನು ಕಂಡರು. ಶಿಷ್ಯರು 'ಪಾಪಾಜಿ' ಎಂದು ಕರೆಯುತ್ತಿದ್ದ ಇವರೇ ಆಕೆಗೆ ಗಂಗಾ ಎಂಬ ಹೆಸರಿಟ್ಟರು, ಪಶ್ಚಿಮದಲ್ಲಿ ಸತ್ಸಂಗ ನಡೆಸಲು ಕಳುಹಿಸಿದರು. ಪೂಂಜಾ 1944ರಲ್ಲಿ ತಿರುವಣ್ಣಾಮಲೈಯಲ್ಲಿ ರಮಣರನ್ನು ಕಂಡವರು. ಮುಂದೆ ಹಲವು ವರ್ಷ ನಮ್ಮ ಕರ್ನಾಟಕದ ಗಣಿಗಳಲ್ಲಿಯೇ ಮ್ಯಾನೇಜರ್ ಆಗಿದ್ದರು ಎಂಬುದು ಇಲ್ಲಿಯ ಎಷ್ಟೋ ಜನರಿಗೆ ತಿಳಿದಿಲ್ಲ. ಆದ್ದರಿಂದ ಗಂಗಾಜಿಯವರ ಅಧಿಕಾರ ಪೂಂಜಾ ಅವರಿಂದ ಬಂದದ್ದು ಎಂದರೆ ಉತ್ತರ ಮುಗಿಯಿತು.

ಜನ ಅಷ್ಟಕ್ಕೇ ನಿಲ್ಲುವುದಿಲ್ಲ. ಶೃಂಗೇರಿಯಲ್ಲಿ ಶಿಷ್ಯಸ್ವೀಕಾರ ನಡೆಯುವಂತೆ ರಮಣರು ಪೂಂಜಾ ಅವರನ್ನು, ಪೂಂಜಾ ಗಂಗಾಜಿಯವರನ್ನು ನೇಮಿಸಿದರೆಂದು ಊಹಿಸಿಕೊಳ್ಳುತ್ತಾರೆ. ಎಷ್ಟು ಸಲ ಅಲ್ಲಗಳೆದರೂ ಈ ನಂಬಿಕೆ ಸಾಯುತ್ತಿಲ್ಲ. ರಮಣರು ಯಾವ ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ಬೋಧಿಸಲು ಯಾರಿಗೂ ಅಪ್ಪಣೆ ಕೊಡಲಿಲ್ಲ. ವಿಧಿಪೂರ್ವಕವಾಗಿ ಸಂನ್ಯಾಸ ಪಡೆಯಲೂ ಇಲ್ಲ, ಕೊಡಲೂ ಇಲ್ಲ. 1896ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಮಧುರೆಯ ಮನೆಯಲ್ಲಿ ಸಾವಿನ ಭಯ ಆವರಿಸಿ ಅರಿವು ಮೂಡಿದಾಗ ಅವರ ಪಕ್ಕದಲ್ಲಿ ಮನುಷ್ಯಗುರು ಯಾರೂ ಇರಲಿಲ್ಲ, ತಿರುವಣ್ಣಾಮಲೈಯ ಅರುಣಾಚಲ ಬೆಟ್ಟವೇ ತಮ್ಮ ಗುರುವೆಂದರು. ಹಾಗಿರುವಾಗ ಪರಂಪರೆಯನ್ನು ಹಿಂದಕ್ಕೆ ಎಲ್ಲಿಗೆ ಕಟ್ಟುತ್ತೀರಿ? 1938ರಲ್ಲಿ ಅವರ ಉಯಿಲು ಆಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಉಯಿಲು ಆಶ್ರಮದ ಆಡಳಿತವನ್ನು ಅವರ ತಮ್ಮನಾದ ನಿರಂಜನಾನಂದ ಸ್ವಾಮಿಗಳಿಗೂ ಅವರ ವಂಶದವರಿಗೂ ಒಪ್ಪಿಸಿತು. ಜಮೀನು, ಲೆಕ್ಕಪತ್ರ, ನಿತ್ಯಪೂಜೆಗಳ ಹೊಣೆ ಅದು, ಜ್ಞಾನದ ಹಸ್ತಾಂತರವಲ್ಲ. 1950ರ ಏಪ್ರಿಲ್ 14ರಂದು ಅವರು ದೇಹ ಬಿಟ್ಟಾಗ ತುಂಬಬೇಕಾದ ಪೀಠವೇ ಅಲ್ಲಿರಲಿಲ್ಲ.

ಇದರಿಂದ ಪೂಂಜಾ ಅವರಾಗಲಿ ಗಂಗಾಜಿಯವರಾಗಲಿ ಹುಸಿಯೆಂದು ಸಾಧಿಸಿದಂತಾಗುವುದಿಲ್ಲ. ಅವರ ಮಾತನ್ನು ರಮಣರ ಮಾತಿನ ಪಕ್ಕದಲ್ಲಿಟ್ಟು ನೀವೇ ತೂಗಬೇಕು, ಅಷ್ಟೇ.

ಹಾಗೆ ತೂಗಲು ಹೊರಟರೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: 'ನಾನು ಯಾರು' ಎಂಬುದು ಜಪವೇ? 1902ರಲ್ಲಿ ಕಂದಾಯ ಇಲಾಖೆಯ ಶಿವಪ್ರಕಾಶಂ ಪಿಳ್ಳೈ ಅರುಣಾಚಲದ ವಿರೂಪಾಕ್ಷ ಗುಹೆಗೆ ಹೋಗಿ ಕೇಳಿದ ಪ್ರಶ್ನೆಗಳಿಗೆ, ಆಗ ಮಾತನಾಡದಿದ್ದ ರಮಣರು ಬರೆದು ಕೊಟ್ಟ ಉತ್ತರಗಳಿಂದಲೇ 'ನಾನ್ ಯಾರ್' ಎಂಬ ಪುಟ್ಟ ಪುಸ್ತಕ ಹುಟ್ಟಿತು. ಯೋಚನೆಯೊಂದು ಎದ್ದಾಗ ಇದು ಯಾರಿಗೆ ಎಂದು ಕೇಳು, ನನಗೆ ಎಂಬ ಉತ್ತರ ಬಂದರೆ ಆ ನಾನು ಯಾರೆಂದು ವಿಚಾರಿಸು, ಆಗ ಮನಸ್ಸು ಹುಟ್ಟಿದೆಡೆಗೆ ತಿರುಗುತ್ತದೆ ಎಂದು ಅದು ಹೇಳುತ್ತದೆ. ಚಿತೆಯನ್ನು ಕೆದಕುವ ಕೋಲು ಕೊನೆಗೆ ತಾನೂ ಸುಟ್ಟುಹೋಗುವಂತೆ ಆ ಪ್ರಶ್ನೆಯೂ ಅಳಿಯಬೇಕು. ಎಣಿಸಿ ಪುನರುಚ್ಚರಿಸುವ ಮಂತ್ರ ಅದಲ್ಲ. ಆದರೆ ಜಪವನ್ನು ಹಗುರವಾಗಿ ಕಾಣುವವರು ಅದೇ ಪುಸ್ತಕದ ಇನ್ನೊಂದು ಮಾತನ್ನೂ ಓದಬೇಕು: 'ನಾನು, ನಾನು' ಎಂದು ಬಿಡದೆ ನೆನೆಯುತ್ತಿದ್ದರೂ ಅದು ಆ ನೆಲೆಗೇ ಒಯ್ಯುತ್ತದೆ ಎಂದು ಅವರು ಬರೆದಿದ್ದಾರೆ.