ಕ್ಲಿಪ್ ಹಾಕಿದ ಮಕ್ಕಳ ಬಾಯಿ, ಬ್ಯಾಕ್ಟೀರಿಯಾ ಮತ್ತು ರಾತ್ರಿಯ ಉಸಿರು

ಶಿರಸಿಯ ಒಂದು ಕ್ಲಿನಿಕ್‌ನಲ್ಲಿ ಕಲಿಯುತ್ತಿದ್ದಾಗ 12 ವರ್ಷದ ಹುಡುಗ ಬಂದಿದ್ದ. ಹಲ್ಲಿಗೆ ಕ್ಲಿಪ್ ಹಾಕಿ ಐದು ತಿಂಗಳಾಗಿತ್ತು. ಮೇಲಿನ ಮುಂದಿನ ಒಸಡು ಕೆಂಪಗೆ ಊದಿತ್ತು. ಬ್ರ್ಯಾಕೆಟ್, ಅಂದರೆ ಹಲ್ಲಿಗೆ ಅಂಟಿಸಿದ ಕ್ಲಿಪ್‌ನ ತುಣುಕಿನ ಸುತ್ತ ಬಿಳಿ ಕಲೆಗಳಿದ್ದವು. ‘ಬ್ರಷ್ ಸರಿಯಾಗಿ ಮಾಡುತ್ತಿಲ್ಲ’ ಎಂದು ಕೇಸ್ ಶೀಟಿನಲ್ಲಿ ಬರೆದುಬಿಟ್ಟೆ. ಆಗ ಅವನ ಅಮ್ಮ ಹೇಳಿದರು: “ರಾತ್ರಿ ಬಾಯಿ ಕಳಕಂಡೇ ಮಲಗ್ತ. ದಿಂಬೆಲ್ಲ ಒದ್ದೆ ಆಗ್ತು.”

ಕ್ಲಿಪ್ ಹಾಕಿದ ಮಕ್ಕಳ ಬಾಯಿಯ ಬ್ಯಾಕ್ಟೀರಿಯಾಕ್ಕೂ ಅಪ್ನಿಯಾದ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ರೋಗದ) ‘ಅಪಾಯ’ಕ್ಕೂ ನಂಟಿದೆಯೇ ಎಂದು ನೋಡುವ ಅಧ್ಯಯನಗಳಿವೆ. ಅವನ್ನು ಹೇಗೆ ಓದಬೇಕು ಎಂಬ ಪಾಠ ನನಗೆ ಆ ಮಾತಿನಿಂದಲೇ ಅರ್ಥವಾಗತೊಡಗಿತು.

ಮೊದಲು ಎಂಜಲಿನ ಕೆಲಸ ನೋಡೋಣ. ಅದು ಬಾಯಿಯನ್ನು ತೊಳೆಯುತ್ತದೆ, ಆಮ್ಲವನ್ನು ತಗ್ಗಿಸುತ್ತದೆ, ಬ್ಯಾಕ್ಟೀರಿಯಾವನ್ನು ಹತೋಟಿಯಲ್ಲಿಡುತ್ತದೆ. ನಿದ್ದೆಯಲ್ಲಿ ಎಲ್ಲರಿಗೂ ಎಂಜಲು ತೀರಾ ಕಡಿಮೆ. ಅದರ ಮೇಲೆ ಬಾಯಿ ತೆರೆದೇ ಉಸಿರಾಡಿದರೆ ಇದ್ದದ್ದೂ ಆರುತ್ತದೆ. ಗಾಳಿ ನೇರವಾಗಿ ತಾಗುವುದು ಮೇಲಿನ ಮುಂದಿನ ಒಸಡಿಗೆ, ಅದಕ್ಕೇ ಅಲ್ಲಿ ಜಾಸ್ತಿ ಕೆಂಪು. ಇನ್ನು ಕ್ಲಿಪ್‌ನ ಸಂದುಗಳು. ಅಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ, ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ಮಾಡಿಕೊಂಡು ಗಟ್ಟಿಯಾಗಿ ಕೂರುತ್ತದೆ. ಅದು ಬಿಡುವ ಆಮ್ಲದಿಂದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮೆಲ್ ಕರಗತೊಡಗುತ್ತದೆ. ಮಲಗುವ ಮುಂಚೆ ಒಂದು ಸಿಹಿ ತೊಡದೇವು ತಿಂದು ಹಾಗೇ ಮಲಗಿದ ಮಗುವಿನ ಬಾಯಿ ಇಡೀ ರಾತ್ರಿ ಹೇಗಿರುತ್ತದೆ ಯೋಚಿಸಿ.

ಹಾಗಾದರೆ ಬ್ಯಾಕ್ಟೀರಿಯಾದಿಂದ ಅಪ್ನಿಯಾ ಬರುತ್ತದೆಯೇ? ಇಲ್ಲಿ ಅವಸರ ಬೇಡ. ಮಕ್ಕಳಲ್ಲಿ ಉಸಿರಿನ ದಾರಿ ಕಟ್ಟುವುದಕ್ಕೆ ಮುಖ್ಯ ಕಾರಣ ದೊಡ್ಡದಾದ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಮತ್ತು ಟಾನ್ಸಿಲ್. ಕಿರಿದಾದ ಅಂಗುಳ, ಹಿಂದೆ ಸರಿದ ಕೆಳದವಡೆ, ಬೊಜ್ಜು ಸಹ ಸೇರುತ್ತವೆ. ಇಂಥ ಮಕ್ಕಳು ಬಾಯಲ್ಲಿ ಉಸಿರಾಡುವುದೂ ಜಾಸ್ತಿ, ಅದರಿಂದ ಬಾಯಿ ಒಣಗಿ ಬ್ಯಾಕ್ಟೀರಿಯಾದ ಗುಂಪು ಬದಲಾಗಬಹುದು. ಒಂದೇ ಸಲ ಸ್ವಾಬ್ (ಹತ್ತಿಕಡ್ಡಿಯಿಂದ ಬಾಯಿಯ ಮಾದರಿ) ತೆಗೆದು ನೋಡಿದರೆ ಬ್ಯಾಕ್ಟೀರಿಯಾದ ಬದಲಾವಣೆ, ಉಸಿರಿನ ತೊಂದರೆ ಎರಡೂ ಒಟ್ಟಿಗೆ ಕಾಣುತ್ತವೆ, ಯಾವುದು ಮೊದಲು ಬಂತು ಅಂತ ಗೊತ್ತಾಗದು. ಜೊತೆಗೆ ಕ್ಲಿಪ್ ಹಾಕಿದ ಮೇಲೆ ಬ್ಯಾಕ್ಟೀರಿಯಾ ಹೇಗೂ ಬದಲಾಗುತ್ತದೆ. ಆದ್ದರಿಂದ ಇಂಥ ಅಧ್ಯಯನ ಓದುವಾಗ ಸ್ವಾಬ್ ತೆಗೆದದ್ದು ಕ್ಲಿಪ್‌ಗೆ ಮುಂಚೆಯೋ ನಂತರವೋ ಅಂತ ಮೊದಲು ಹುಡುಕಿ.

‘ಅಪಾಯ’ ಎಂಬ ಪದವನ್ನೂ ಗಮನಿಸಿ. ಮಕ್ಕಳ ನಿದ್ದೆಯ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ. ಉತ್ತರಿಸಿದವುಗಳಲ್ಲಿ ಮೂರನೇ ಒಂದು ಭಾಗದಷ್ಟು ‘ಹೌದು’ ಬಂದರೆ ಅಪಾಯ ಅನ್ನುತ್ತಾರೆ. ಅದು ಬರೀ ಸೂಚನೆ. ರೋಗ ಖಚಿತವಾಗುವುದು ರಾತ್ರಿಯಿಡೀ ಮಾಡುವ ಪಾಲಿಸಾಮ್ನೋಗ್ರಫಿಯಿಂದ, ಅಂದರೆ ನಿದ್ದೆಯಲ್ಲಿ ಉಸಿರನ್ನು ಅಳೆಯುವ ಪರೀಕ್ಷೆಯಿಂದ. ದೊಡ್ಡವರಲ್ಲಿ ಗಂಟೆಗೆ 5 ಸಲ ಉಸಿರು ತಡೆದರೆ ಲೆಕ್ಕ, ಮಕ್ಕಳಲ್ಲಿ 1 ಸಲವೇ ಸಾಕು.

ನಮ್ಮ ಕಡೆ ಇನ್ನೊಂದು ತೊಡಕು ಮಳೆಗಾಲ. ಜುಲೈನಲ್ಲಿ ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಮೂಗು ಕಟ್ಟದ ಮಗು ಸಿಗುವುದೇ ಕಷ್ಟ. ಶೀತದ ಗೊರಕೆಯನ್ನು ಅಪ್ನಿಯಾ ಅಂದುಕೊಳ್ಳಬಾರದು. ‘ಬೇಸಿಗೆಯಲ್ಲೂ ಗೊರಕೆ ಹೊಡೆಯುತ್ತಾನಾ?’ ಅಂತ ಕೇಳಲೇಬೇಕು.

ಆ ಹುಡುಗನ ಅಮ್ಮನಿಗೂ ಅದನ್ನೇ ಕೇಳಿದೆ. ಹೌದು ಅಂದರು. ಶಾಲೆಯಲ್ಲಿ ತೂಕಡಿಸುತ್ತಾನಂತೆ, ಈಗಲೂ ಆಗಾಗ ಹಾಸಿಗೆ ಒದ್ದೆ ಮಾಡುತ್ತಾನಂತೆ. ಅವನು ತಲೆ ತಗ್ಗಿಸಿ ಕೂತಿದ್ದ. ಕೇಸ್ ಶೀಟಿನಲ್ಲಿ ಬರೆದದ್ದನ್ನು ತಿದ್ದಿದೆ. ನಮ್ಮ ಮೇಡಂ ಇಎನ್‌ಟಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು.