ವೀಗನ್ ಆಗಿದ್ದೂ ಪಂಜರದ ಕಾನೂನಿಗೆ ಬೆಂಬಲ ಯಾಕೆ?

ಪ್ರಶ್ನೆ: ನೀವು ವೀಗನ್ ಅಂತೀರಿ, ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟಲ್ಲ ಅಂತೀರಿ, ಆಮೇಲೆ ಕೋಳಿಗೆ ಜಾಸ್ತಿ ಜಾಗ ಕೊಡಿ ಅನ್ನೋ ಕಾನೂನಿಗೂ ಬೆಂಬಲ ಕೊಡ್ತೀರಿ. ಜಾಗ ಕೊಟ್ರೆ ಮೊಟ್ಟೆ ತಿನ್ಬಹುದು ಅಂತ ಒಪ್ಕೊಂಡಂಗೆ ಆಗಲ್ವಾ?

ಉತ್ತರ: ಆಗಲ್ಲ. ಇದನ್ನ ಎಷ್ಟು ಸಲ ಬರ್ದಿದೀನೋ ಲೆಕ್ಕ ಇಲ್ಲ, ಆದ್ರೂ ತಿಂಗಳಿಗೊಬ್ರು ಕೇಳೇ ಕೇಳ್ತಾರೆ, ಅದಕ್ಕೆ ಈ ಸಲ ಪೂರ್ತಿ ಹೇಳಿಬಿಡ್ತೀನಿ. ಒಂದು ಕ್ರೌರ್ಯ ನಿಲ್ಲಲಿ ಅನ್ನೋದು ಮಿಕ್ಕಿದ್ದೆಲ್ಲ ಸರಿ ಅಂದಂಗಲ್ಲ. ಜೈಲಲ್ಲಿ ಕೈದಿಗೆ ಹೊಡೀಬೇಡಿ ಅಂದ್ರೆ, ಅವನನ್ನ ಒಳಗೆ ಹಾಕಿದ್ದು ನ್ಯಾಯ ಅಂತ ಯಾರಾದ್ರೂ ಅರ್ಥ ಮಾಡ್ಕೋತಾರಾ?

ನಮ್ಮೊಳಗೇ ಜಗಳ ಇದೆ, ನಿಜ. ಪ್ರಾಣಿ ಹಕ್ಕುಗಳ ಬಗ್ಗೆ ಬರೆಯೋ ಅಮೆರಿಕದ ಕಾನೂನು ಪಂಡಿತ ಗ್ಯಾರಿ ಫ್ರಾನ್ಸಿಯೋನ್ ಥರದವರು ದಶಕಗಳಿಂದ ಹೇಳ್ತಾ ಬಂದಿರೋದು ಏನಂದ್ರೆ, ಕಾನೂನಿನ ಕಣ್ಣಲ್ಲಿ ಪ್ರಾಣಿ ಅನ್ನೋದು ಇನ್ನೊಬ್ಬರ ಆಸ್ತಿಯಾಗಿ ಇರೋವರೆಗೂ ಈ ಸುಧಾರಣೆಗಳು ಮೇಲುಮೇಲಿನವು, ಶ್ರಮ ಎಲ್ಲ ಜನರನ್ನ ವೀಗನ್ ಮಾಡೋದಕ್ಕೇ ಹೋಗ್ಬೇಕು ಅಂತ. ಆಸ್ತಿ ವಿಷಯದಲ್ಲಿ ನಾನು ಅವರ ಜೊತೆಗೇ ಇದೀನಿ. ನಾನು ಒಪ್ಪದೇ ಇರೋದು ಅವರ ಮಾತಿಗೆ ಅಂಟ್ಕೊಂಡು ಬಂದಿರೋ ಇನ್ನೊಂದು ನಂಬಿಕೆನ: "ಕಾನೂನು ಬಂದ್ರೆ ಜನಕ್ಕೆ ಪಾಪಪ್ರಜ್ಞೆ ಹೋಗುತ್ತೆ, ಇನ್ನೂ ಜಾಸ್ತಿ ತಿಂತಾರೆ, ಕಂಪನಿಗಳಿಗೇ ಲಾಭ."

ಲಾಭ ಆಗೋದಾದ್ರೆ ಕಂಪನಿಯವರು ಕಾನೂನನ್ನ ಕರೆದು ಕೂರಿಸ್ಕೋಬೇಕಿತ್ತಲ್ವಾ? ನಡೆದಿದ್ದೇನು ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ ಪ್ರೊಪೊಸಿಷನ್ 12 ಅನ್ನೋ ಕಾನೂನು ಜನಮತಕ್ಕೆ ಬಂತು, ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಹೌದು ಅಂದ್ರು. ಮರಿ ಹಾಕಿಸೋಕೆ ಸಾಕೋ ಹೆಣ್ಣು ಹಂದಿಗೆ ಕನಿಷ್ಠ 24 ಚದರಡಿ ಜಾಗ ಕೊಡ್ಬೇಕು, ಕೊಡದೇ ಸಾಕಿದ್ರೆ ಅದರ ಮಾಂಸ, ಅದರ ಮರಿಗಳ ಮಾಂಸ ಬೇರೆ ರಾಜ್ಯದಿಂದ ಬಂದ್ರೂ ಅಲ್ಲಿ ಮಾರೋ ಹಂಗಿಲ್ಲ. ಹಂದಿ ಸಾಕೋರ ರಾಷ್ಟ್ರೀಯ ಸಂಘ ಇದರ ವಿರುದ್ಧ ಕೋರ್ಟ್‌ಗೆ ಹೋಯ್ತು, ಕೆಳಗಿನ ಕೋರ್ಟ್‌ಗಳಲ್ಲಿ ಸೋತು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2023ರ ಮೇನಲ್ಲಿ ಅಲ್ಲೂ ಸೋತ್ರು. ಲಾಭ ಬರೋ ಕಾನೂನನ್ನ ತಡೆಯೋಕೆ ಯಾರು ಹಿಂಗೆ ವರ್ಷಗಟ್ಟಲೆ ಕೋರ್ಟ್ ಮೆಟ್ಟಿಲು ಹತ್ತುತ್ತಾರೆ? ಜಾಗ ಜಾಸ್ತಿ ಕೊಟ್ರೆ ಖರ್ಚು ಏರುತ್ತೆ, ಖರ್ಚು ಏರಿದ್ರೆ ಬೆಲೆ ಏರುತ್ತೆ, ಬೆಲೆ ಏರಿದ್ರೆ ಜನ ಜಾಸ್ತಿ ಕೊಳ್ತಾರೆ ಅನ್ನೋ ಲೆಕ್ಕ ನನಗಂತೂ ಅರ್ಥ ಆಗಲ್ಲ.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. ಕಾನೂನು ಬೇರೆ, ಲೇಬಲ್ ಬೇರೆ. ಡಬ್ಬಿ ಮೇಲೆ ಹಸಿರು ಹುಲ್ಲು, ನಗ್ತಾ ಇರೋ ಕೋಳಿ ಚಿತ್ರ ಹಾಕ್ತಾರಲ್ಲ, ಮನಸ್ಸಿಗೆ ಸಮಾಧಾನ ಕೊಡೋದು ಅದು. ಅದು ವ್ಯಾಪಾರಿ ಬರೆಸಿದ್ದು, ಅದರ ವಿರುದ್ಧ ಹೋರಾಡಿ, ನಾನೂ ಬರ್ತೀನಿ. ಚದರಡಿ ಲೆಕ್ಕದ ಕಾನೂನು ಓದಿ ಖುಷಿಯಾಗಿ ಆಮ್ಲೆಟ್ ತಿಂದೋರನ್ನ ನಾನಿನ್ನೂ ನೋಡಿಲ್ಲ.

ಇನ್ನು ಕೋಳಿ ಕಡೆಯಿಂದ ನೋಡಿ. ಯುರೋಪಲ್ಲಿ ಹಳೇ ಥರದ ಪಂಜರವನ್ನ 2012ರಲ್ಲಿ ಕಾನೂನು ನಿಲ್ಲಿಸೋ ಮುಂಚೆ, ಅದರಲ್ಲಿ ಒಂದು ಕೋಳಿಗೆ ಇದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ಒಂದು ಎ4 ಹಾಳೆ ಸುಮಾರು 624. ಹಾಳೆಗಿಂತ ಕಮ್ಮಿ ಜಾಗದಲ್ಲಿ ಪೂರ್ತಿ ಜೀವನ, ಕಾಲ ಕೆಳಗೆ ಬರೀ ತಂತಿ. ಮಣ್ಣು ಅನ್ನೋದನ್ನೇ ಕಾಣದ ಕೋಳಿ ಆ ತಂತಿ ಮೇಲೇ ಕೂತು, ಧೂಳಲ್ಲಿ ಹೊರಳಾಡೋ ಹಂಗೆ ರೆಕ್ಕೆ ಒದರುತ್ತೆ, ಮೈಮೇಲೆ ಎರಚ್ಕೊಳ್ಳೋಕೆ ಒಂದು ಚಿಟಿಕೆ ಮಣ್ಣೂ ಇಲ್ಲ. ಮೊಟ್ಟೆ ಇಡೋ ಮುಂಚೆ ಮರೆಯಾದ ಜಾಗ ಹುಡುಕ್ತಾ ಒದ್ದಾಡುತ್ತೆ. ಇದನ್ನ ಒಂದ್ಸಲ ಸರಿಯಾಗಿ ನೋಡಿದ್ರೆ ಆ ಪಂಜರ ಹೋಗೋದನ್ನ "ಮೇಲುಮೇಲಿನ ಸುಧಾರಣೆ" ಅನ್ನೋಕೆ ಬಾಯಿ ಬರಲ್ಲ. ಆ ಪಂಜರ ಹೋದ್ಮೇಲೂ ಯುರೋಪಲ್ಲಿ ಸ್ವಲ್ಪ ದೊಡ್ಡ ಪಂಜರಕ್ಕೆ, ಕೋಳಿಗೆ 750 ಚದರ ಸೆಂಟಿಮೀಟರ್ ಲೆಕ್ಕದಲ್ಲಿ, ಅವಕಾಶ ಉಳೀತು, ಅದು ನನಗೂ ಹೊಟ್ಟೆ ಉರಿಸೋ ವಿಷಯವೇ. ಕೆಟ್ಟದಾಗಿ ಬರೆದ ಕಾನೂನಿಗೆ ಬೈಯೋಣ. ಪ್ರೊಪೊಸಿಷನ್ 12ನ್ನ ಕೂಡ, ಕೋಳಿ ಪಂಜರಕ್ಕೆ ಇನ್ನೂ ಕೆಲವು ವರ್ಷ ಗಡುವು ಕೊಡ್ತು ಅಂತ ಕೆಲವು ಪ್ರಾಣಿಪರರೇ ವಿರೋಧಿಸಿದ್ರು, ಆ ಸಿಟ್ಟಲ್ಲಿ ಅರ್ಥ ಇದೆ.

ಯಾರೂ ಕೇಳದೇ ಇರೋದು ಒಂದಿದೆ: ಗಂಡು ಮರಿಗಳ ಕಥೆ ಏನು? ಮೊಟ್ಟೆಗೆ ಅಂತ ಸಾಕೋ ತಳಿಯ ಗಂಡು ಮರಿ ಮೊಟ್ಟೆ ಇಡಲ್ಲ, ಮಾಂಸದ ಕೋಳಿ ಥರ ಬೇಗ ಬೆಳೆಯೋದೂ ಇಲ್ಲ, ಅದಕ್ಕೆ ಹ್ಯಾಚರಿಯಲ್ಲಿ ಹುಟ್ಟಿದ ದಿನಾನೇ ಅವನ್ನ ಕೊಲ್ತಾರೆ. ಜಾಗದ ಕಾನೂನು ಯಾವುದೂ ಇದನ್ನ ಮುಟ್ಟಲ್ಲ, ಪಂಜರ ಇಲ್ಲದ ಫಾರಂಗೆ ಹೋಗೋ ಹೆಣ್ಣು ಮರಿಯ ಅಣ್ಣತಮ್ಮಂದಿರಿಗೂ ಇದೇ ಗತಿ. ಜರ್ಮನಿ 2022ರ ಜನವರಿಯಿಂದ ಇದನ್ನ ನಿಲ್ಲಿಸಿದೆ. ಮರಿ ಹೊರಬರೋಕೆ ಹಿಡಿಯೋದು 21 ದಿನ, ಅದಕ್ಕೆ ಮುಂಚೆನೇ ಮೊಟ್ಟೆಯೊಳಗೆ ಗಂಡೋ ಹೆಣ್ಣೋ ಪತ್ತೆ ಮಾಡೋ ಯಂತ್ರಗಳು ಈಗ ಇವೆ, ಚಿಪ್ಪಲ್ಲಿ ಸಣ್ಣ ತೂತು ಮಾಡಿ ಒಂದು ಹನಿ ತೆಗೆದು ನೋಡ್ತಾರೆ, ಇಲ್ಲಾ ಚಿಪ್ಪಿನ ಮೂಲಕ ಬೆಳಕು ಹಾಯಿಸ್ತಾರೆ. ಅಂಥ ಕಾನೂನು ಇಲ್ಲದ ಕಡೆ ಹ್ಯಾಚರಿಯಲ್ಲಿ ಮರಿ ವಿಂಗಡಿಸೋರು ಇವತ್ತೂ ಒಂದೊಂದನ್ನೇ ಅಂಗೈಲಿ ಎತ್ತಿ, ಒಂದು ಕ್ಷಣ ನೋಡಿ, ಈ ಕಡೆ ಇಲ್ಲಾ ಆ ಕಡೆ ಹಾಕ್ತಾರೆ.